ನಾಣ್ಯದ ಅಚ್ಚು ಕೆತ್ತನೆ

ಟಿಪ್ಪು ಸುಲ್ತಾನನ ಕಾಲದ ತಾಮ್ರದ ಆನೆಕಾಸುಗಳನ್ನು ಹತ್ತೋ ಹನ್ನೆರಡೋ ಒಂದೆಡೆ ಸಾಲಾಗಿ ಜೋಡಿಸಿ ನೋಡಬೇಕು. ಒಂದು ಆನೆ ಎಡಕ್ಕೆ ನಡೆದಿದೆ, ಇನ್ನೊಂದು ಬಲಕ್ಕೆ. ಒಂದರ ಸೊಂಡಿಲು ಮೇಲೆದ್ದಿದೆ, ಪಕ್ಕದ್ದರದು ನೆಲಕ್ಕೆ ಇಳಿದಿದೆ. ಒಂದರ ಹೊಟ್ಟೆ ತುಂಬಿಕೊಂಡಿದೆ, ಇನ್ನೊಂದು ಬಡಕಲು. ಒಂದರ ಬಾಲಕ್ಕೆ ಕುಚ್ಚು ಇದೆ, ಮತ್ತೊಂದರ ಬಾಲ ಬರೀ ಗೀರು. ಶ್ರೀರಂಗಪಟ್ಟಣ, ನಗರ, ಬೆಂಗಳೂರು ಮೊದಲಾದ ಟಂಕಸಾಲೆಗಳಲ್ಲಿ ಬೇರೆ ಬೇರೆ ಕೈಗಳು ಕೊರೆದ ಅಚ್ಚುಗಳಿಂದ ಹೊರಬಿದ್ದ ಆನೆಗಳಿವು. ಇನ್ನು ಒಂದೇ ವಿನ್ಯಾಸದ, ಇಂದಿನ ಎರಡು ಹತ್ತು ರೂಪಾಯಿ ನಾಣ್ಯಗಳನ್ನು ಕಿಸೆಯಿಂದ ತೆಗೆದು ಪಕ್ಕಪಕ್ಕ ಹಿಡಿದರೆ ಸಿಂಹಗಳ ಕೇಸರದ ಗೆರೆಗೆರೆಯೂ ಒಂದೇ.

ಈ ಎರಡರ ನಡುವೆ ಇರುವುದೇ ಅಚ್ಚು ಕೆತ್ತನೆಯ ಚರಿತ್ರೆ. ಒಂದು ಅಚ್ಚನ್ನು ಅದ್ಭುತವಾಗಿ ಕೆತ್ತಬಲ್ಲ ಕೈಗಳು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಇದ್ದವು. ಆದರೆ ಅಚ್ಚು ಸವೆಯುತ್ತದೆ, ಬಿರಿಯುತ್ತದೆ, ಒಡೆಯುತ್ತದೆ. ಆಗ ಎರಡನೆಯದು ಬೇಕು. ಆ ಎರಡನೆಯ ಅಚ್ಚನ್ನು ಮೊದಲನೆಯದರಂತೆಯೇ ಮಾಡುವುದು ಹೇಗೆ ಎಂಬ ಪ್ರಶ್ನೆಯೇ ಈ ಕಸುಬನ್ನು ಕೈಯುಳಿಯಿಂದ ಯಂತ್ರದ ಕಡೆಗೆ ಹಂತಹಂತವಾಗಿ ತಂದಿತು.

ಅಚ್ಚು ಎಂದರೆ ನಾಣ್ಯದ ಮೇಲೆ ಮೂಡಬೇಕಾದ ಚಿತ್ರ, ಅಕ್ಷರಗಳನ್ನು ತಿರುಗುಮುರುಗಾಗಿ, ತಗ್ಗಾಗಿ ಕೊರೆದ ಗಟ್ಟಿ ಲೋಹದ ತುಂಡು. ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಮೇಲಿನಿಂದ ಬಲವಾಗಿ ಹೊಡೆದರೆ ಅಥವಾ ಒತ್ತಿದರೆ ಬಿಲ್ಲೆಯ ಎರಡೂ ಮುಖಗಳಲ್ಲಿ ಮುದ್ರೆ ಮೂಡುತ್ತದೆ. ‘ಟಂಕ’ ಎಂಬ ಸಂಸ್ಕೃತ ಶಬ್ದಕ್ಕೆ ಕಲ್ಲು ಕಡಿಯುವ ಉಳಿ ಎಂಬ ಅರ್ಥವೂ ಇದೆ, ನಾಣ್ಯ ಎಂಬ ಅರ್ಥವೂ ಇದೆ. ಹಳಗನ್ನಡದಲ್ಲಿ ಟಂಕಸಾಲೆಗೆ ‘ಕಮ್ಮಟ’ ಎಂಬ ಹೆಸರಿತ್ತು. ಇಂದು ಕಥಾಕಮ್ಮಟ, ಕಾವ್ಯಕಮ್ಮಟ ಎಂದು ಕರೆದು ಯುವಬರಹಗಾರರನ್ನು ಸೇರಿಸುವವರು ಬಳಸುತ್ತಿರುವುದು ನಾಣ್ಯಕ್ಕೆ ಅಚ್ಚು ಹೊಡೆಯುತ್ತಿದ್ದ ಜಾಗದ ಹೆಸರನ್ನೇ. ಗದಗದ ಬಳಿಯ ಲಕ್ಕುಂಡಿ, ಶಾಸನಗಳ ಲೊಕ್ಕಿಗುಂಡಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಂಥ ಕಮ್ಮಟಕ್ಕೆ ಹೆಸರಾದ ಊರು.

ಕೈಕೆತ್ತನೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಬಂದ ಯಂತ್ರಗಳೆಲ್ಲ ಇದರ ಒಂದೊಂದು ಕಷ್ಟಕ್ಕೆ ಹುಡುಕಿದ ಉತ್ತರಗಳು. ಮೊದಲು ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟು ಮೆದುಗೊಳಿಸುತ್ತಾರೆ. ಮುಖವನ್ನು ಕನ್ನಡಿಯಂತೆ ಉಜ್ಜಿ ಸಮಮಾಡಿ, ಅದರ ಮೇಲೆ ಚಿತ್ರದ ಗೆರೆಗಳನ್ನು ಸೂಜಿಮೊನೆಯಿಂದ ಗೀರುತ್ತಾರೆ. ಆಮೇಲೆ ಕೊರೆಯುವ ಕೆಲಸ. ನಾಣ್ಯದಲ್ಲಿ ಎತ್ತರವಾಗಿ ನಿಲ್ಲಬೇಕಾದ ಭಾಗ ಅಚ್ಚಿನಲ್ಲಿ ಆಳವಾಗಿರಬೇಕು. ರಾಜನ ಮೂಗಿನ ತುದಿ ಅತಿ ಆಳದ ಗುಂಡಿ, ಕಣ್ಣಿನ ಗುಳಿ ಒಂದು ದಿಬ್ಬ. ಬಲಗಿವಿ ಎಡಕ್ಕೆ, ಎಡಗೈ ಬಲಕ್ಕೆ. ಕೆತ್ತುವವನ ಕಣ್ಣು ದಿನವಿಡೀ ಇಲ್ಲದ ಮುಖವೊಂದನ್ನು ತಗ್ಗಿನಲ್ಲಿ ಕಾಣುತ್ತಿರಬೇಕು. ಆಗಾಗ ಮೇಣವನ್ನೋ ಜೇಡಿಮಣ್ಣನ್ನೋ ಅಚ್ಚಿನೊಳಕ್ಕೆ ಒತ್ತಿ ತೆಗೆದು, ಮುಖ ಎಷ್ಟರಮಟ್ಟಿಗೆ ಮೂಡಿದೆ ಎಂದು ಪರೀಕ್ಷಿಸುತ್ತಾನೆ. ತಪ್ಪಿ ಒಂದು ಗೀರು ಹೆಚ್ಚು ಆಳವಾದರೆ ತೆಗೆದ ಲೋಹವನ್ನು ಮತ್ತೆ ಅಂಟಿಸಲಾಗದು. ಸುತ್ತಲಿನ ಇಡೀ ಮುಖವನ್ನೇ ಆ ಮಟ್ಟಕ್ಕೆ ಇಳಿಸಬೇಕು, ಇಲ್ಲವೇ ಹೊಸ ತುಂಡು ಹಿಡಿಯಬೇಕು.

ಕೆತ್ತನೆ ಮುಗಿದ ಮೇಲೆ ಬರುವುದು ಹೆಚ್ಚು ಅಂಜಿಕೆಯ ಗಳಿಗೆ. ಮೆದು ಉಕ್ಕಿನ ಅಚ್ಚು ನಾಲ್ಕು ಪೆಟ್ಟಿಗೇ ಚಪ್ಪಟೆಯಾದೀತು. ಅದಕ್ಕೆ ಅದನ್ನು ಮತ್ತೆ ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡಬೇಕು, ಆಮೇಲೆ ಹದವಾಗಿ ಬಿಸಿಮಾಡಿ ಅದರ ಪೆಡಸುತನವನ್ನು ಇಳಿಸಬೇಕು. ಕುಡುಗೋಲಿಗೆ ಹದ ಹಾಕುವ ಹಳ್ಳಿಯ ಕಮ್ಮಾರನಿಗೆ ಗೊತ್ತಿರುವ ವಿದ್ಯೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ನೀರಿಗಿಳಿಯುತ್ತಿರುವುದು ವಾರಗಟ್ಟಲೆಯ, ಕೆಲವೊಮ್ಮೆ ತಿಂಗಳುಗಟ್ಟಲೆಯ ಕೆತ್ತನೆ. ಅದ್ದುವ ಕ್ಷಣದಲ್ಲಿ ಸೀಳು ಬಿಟ್ಟಿತೆಂದರೆ ಅಷ್ಟೂ ಶ್ರಮ ನೀರುಪಾಲು.

ಅಕ್ಷರಗಳದು ಇನ್ನೊಂದು ಬಗೆಯ ಕಷ್ಟ. ಕೊರೆಯುಳಿ ಸಹಜವಾಗಿ ಓಡುವುದು ನೇರ ಗೆರೆಯಲ್ಲಿ. ದುಂಡು ಗೆರೆ ಬೇಕಾದಾಗ ನುರಿತವರು ಉಳಿಯನ್ನು ಹೆಚ್ಚು ತಿರುಗಿಸುವುದಿಲ್ಲ. ಉಳಿ ಹಿಡಿದ ಕೈ ನಿಂತಲ್ಲೇ ಇರುತ್ತದೆ, ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಕೂತ ಅಚ್ಚನ್ನೇ ಇನ್ನೊಂದು ಕೈ ತಿರುಗಿಸುತ್ತದೆ. ರೋಮನ್ ದೊಡ್ಡಕ್ಷರಗಳಿಗೆ ಇದು ಅಷ್ಟಾಗಿ ಬೇಕಾಗದು, ಅಲ್ಲಿ ನೆಟ್ಟಗಿನ ಕಂಬಗಳೇ ಹೆಚ್ಚು. ಕನ್ನಡಕ್ಕೆ ಹೆಜ್ಜೆಹೆಜ್ಜೆಗೂ ಬೇಕು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಸಾಲುಸಾಲಾಗಿ ಬರೆದಿದೆ. ಇನ್ನೊಂದರ ಮೇಲೆ ‘ಶ್ರೀ ನೊಣಂಬವಾಡಿಗೊಂಡ’. ಬೆರಳ ತುದಿಯಷ್ಟು ಜಾಗದಲ್ಲಿ ‘ಳ’ದ ಸುರುಳಿ, ‘ಡು’ವಿನ ಕೊಂಬು, ‘ಗೊ’ದ ಒತ್ವ, ಅದೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕೊರೆದವನ ಹೆಸರು ಯಾವ ಶಾಸನದಲ್ಲೂ ಉಳಿದಿಲ್ಲ. ಗೆದ್ದ ರಾಜನ ಬಿರುದನ್ನು ಓದುವಾಗ ಆ ಅನಾಮಿಕನನ್ನೂ ನೆನೆಯುವುದು ನ್ಯಾಯ.

ಈ ಕಸುಬಿನ ಆರಂಭಕ್ಕೆ ಹೋದರೆ, ಕ್ರಿ.ಪೂ. 7ನೆಯ ಶತಮಾನದಲ್ಲಿ ಇಂದಿನ ತುರ್ಕಿಯ ಪಶ್ಚಿಮ ಭಾಗದ ಲಿಡಿಯಾದಲ್ಲಿ ಚಿನ್ನ ಬೆಳ್ಳಿಗಳ ಸಹಜ ಮಿಶ್ರಲೋಹದಿಂದ ಮಾಡಿದ ನಾಣ್ಯಗಳಲ್ಲಿ ಒಂದೇ ಮುಖಕ್ಕೆ ಕೆತ್ತನೆ. ಕೆಳಗಿನ ಅಚ್ಚಿನಲ್ಲಿ ಸಿಂಹದ ತಲೆ, ಮೇಲಿನಿಂದ ಹೊಡೆದ ಮೊಳೆಯಂಥ ಸಾಧನದಿಂದ ಹಿಂಬದಿಯಲ್ಲಿ ಬರೀ ಕುಳಿ. ಭಾರತದ ಅತಿ ಹಳೆಯ ಬೆಳ್ಳಿ ಕಾರ್ಷಾಪಣಗಳು ಹಿಡಿದದ್ದು ಬೇರೆ ದಾರಿ. ಇಲ್ಲಿ ನಾಣ್ಯದ ಇಡೀ ಮುಖಕ್ಕೆ ಒಂದೇ ಅಚ್ಚು ಇರಲಿಲ್ಲ. ಸೂರ್ಯ, ಬೆಟ್ಟ, ಆನೆ, ಮರ ಎಂದು ಒಂದೊಂದು ಚಿಹ್ನೆಗೂ ಒಂದೊಂದು ಚಿಕ್ಕ ಮುದ್ರೆ, ಸಾಮಾನ್ಯವಾಗಿ ಐದು ಮುದ್ರೆಗಳನ್ನು ಒಂದರ ಬಳಿ ಒಂದು ಬಡಿಯುತ್ತಿದ್ದರು. ಅವು ಒಂದರ ಮೇಲೊಂದು ಬಿದ್ದಿರುವುದೂ ಉಂಟು, ಅಂಚಿನಾಚೆ ಅರ್ಧ ಹೋಗಿರುವುದೂ ಉಂಟು. ಈ ಪದ್ಧತಿಯ ದೂರದ ನೆನಪು ಕನ್ನಡನಾಡಿನಲ್ಲಿ ಬಹುಕಾಲ ಉಳಿಯಿತು. ಕದಂಬರದೆಂದು ಗುರುತಿಸುವ ಬಟ್ಟಲಿನಂಥ ಚಿನ್ನದ ಪದ್ಮಟಂಕಗಳಲ್ಲಿ ನಡುವೆ ತಾವರೆ, ಅದರ ಸುತ್ತ ಬಿಡಿಬಿಡಿ ಮುದ್ರೆಗಳನ್ನು ಒಂದೊಂದಾಗಿ ಒತ್ತಿರುವುದು ಬರಿಗಣ್ಣಿಗೇ ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ತಯಾರಿಕೆಯ ಅಧಿಕಾರಿಯ ಹೆಸರು ಲಕ್ಷಣಾಧ್ಯಕ್ಷ. ಲಕ್ಷಣ ಎಂದರೆ ಗುರುತು.

ಕೈಕೆತ್ತನೆ ತಲುಪಿದ ಎತ್ತರ ನೋಡಬೇಕೆಂದರೆ ಸಿಸಿಲಿಯ ಸಿರಕ್ಯೂಸ್ ನಗರಕ್ಕೆ ಹೋಗಬೇಕು. ಕ್ರಿ.ಪೂ. 400ರ ಆಸುಪಾಸಿನಲ್ಲಿ ಕಿಮೋನ್, ಯೂಐನೆಟೋಸ್ ಎಂಬ ಕೆತ್ತನೆಗಾರರು ಅಲ್ಲಿ ತಮ್ಮ ಅಚ್ಚುಗಳಿಗೆ ಸಹಿ ಹಾಕಿದರು. ಕಿಮೋನ್ ಅರೆಥೂಸಾ ದೇವತೆಯ ಮುಖವನ್ನು ಪಕ್ಕದಿಂದ ತೋರಿಸದೆ ಎದುರಿನಿಂದ ಕೆತ್ತಿದ. ಕೂದಲು ನೀರಿನಂತೆ ಅಲೆಯಾಡುತ್ತದೆ, ಸುತ್ತ ಡಾಲ್ಫಿನ್‌ಗಳು ಈಜುತ್ತವೆ, ಹಣೆಯ ಪಟ್ಟಿಯ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾಗಿ ಅವನ ಹೆಸರು. ಎದುರುಮುಖದ ಚಿತ್ರದಲ್ಲಿ ಮೂಗೇ ಎಲ್ಲಕ್ಕಿಂತ ಎತ್ತರ, ಹಾಗಾಗಿ ಮೊದಲು ಸವೆಯುವುದೂ ಮೂಗೇ. ಅದು ಗೊತ್ತಿದ್ದೂ ಅವನು ಆ ಸಾಹಸಕ್ಕಿಳಿದ. ನಮ್ಮಲ್ಲಿ ಗುಪ್ತರ ಚಿನ್ನದ ನಾಣ್ಯಗಳು ಇಂಥದೇ ಧೈರ್ಯದ ಕೆಲಸ. ಮಂಚದ ಮೇಲೆ ಕೂತು ವೀಣೆ ನುಡಿಸುತ್ತಿರುವ ಸಮುದ್ರಗುಪ್ತನ ಚಿತ್ರ ಸುಮಾರು ಎರಡು ಸೆಂಟಿಮೀಟರ್ ಅಗಲದ ನಾಣ್ಯದಲ್ಲಿ ತುಂಬ ನಿರಾಳವಾಗಿ ಕೂತಿದೆ.

ಸುತ್ತಿಗೆಯ ಕಾಲದಲ್ಲಿ ಎರಡು ಅಚ್ಚುಗಳಿಗೂ ಒಂದೇ ಆಯುಷ್ಯ ಇರಲಿಲ್ಲ. ಕೆಳಗಿನದು ಅಡಿಗಲ್ಲಿನಲ್ಲಿ ಭದ್ರವಾಗಿ ಹುದುಗಿರುತ್ತಿತ್ತು. ಮೇಲಿನದನ್ನು ಕೈಯಲ್ಲಿ ಹಿಡಿದು ಅದರ ನೆತ್ತಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಪೆಟ್ಟನ್ನು ನೇರವಾಗಿ ಉಣ್ಣುವ ಮೇಲಿನ ಅಚ್ಚು ಬೇಗ ಕೆಡುತ್ತಿತ್ತು. ಆದ್ದರಿಂದ ಹೆಚ್ಚು ಶ್ರಮದ ಮುಖಚಿತ್ರವನ್ನು ಸಾಮಾನ್ಯವಾಗಿ ಕೆಳಗಿನದಕ್ಕೆ ಕೊಡುತ್ತಿದ್ದರು. ಒಂದೇ ಕೆಳಅಚ್ಚು ಹಲವು ಮೇಲಚ್ಚುಗಳೊಂದಿಗೆ ಜೋಡಿಯಾಗಿ ಬರುವುದನ್ನು ಗುರುತಿಸಿ, ಯಾವ ನಾಣ್ಯ ಮೊದಲು ಯಾವುದು ಆಮೇಲೆ ಎಂದು ನಾಣ್ಯಶಾಸ್ತ್ರಜ್ಞರು ಇಸವಿಯಿಲ್ಲದ ನಾಣ್ಯಗಳನ್ನೂ ಸಾಲುಗೂಡಿಸುತ್ತಾರೆ. ಎರಡನೆಯ ಅಚ್ಚು ಮೊದಲನೆಯದರಂತಿಲ್ಲದಿರುವುದು ಟಂಕಸಾಲೆಗೆ ತಲೆನೋವು, ಚರಿತ್ರಕಾರರಿಗೆ ವರ.

ಅಕ್ಬರನ ಟಂಕಸಾಲೆಯ ಕೆಲಸಗಾರರನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಒಬ್ಬೊಬ್ಬರಾಗಿ ವಿವರಿಸುತ್ತಾನೆ. ಉಕ್ಕಿನಲ್ಲಿ ಅಕ್ಷರ ಕೊರೆಯುತ್ತಿದ್ದ ದಿಲ್ಲಿಯ ಮೌಲಾನಾ ಅಲಿ ಅಹ್ಮದನ ಹೆಸರು ಅಲ್ಲಿದೆ. ಅವನ ಅಕ್ಷರಗಳು ಶ್ರೇಷ್ಠ ಲಿಪಿಕಾರರ ಬರಹಕ್ಕೆ ಸಮ ಎಂಬ ಮೆಚ್ಚುಗೆಯೂ ಇದೆ. ಭಾರತದ ಅಚ್ಚುಕೆತ್ತನೆಗಾರರಲ್ಲಿ ಇಷ್ಟು ಗೌರವದಿಂದ ಹೆಸರು ದಾಖಲಾದವರು ವಿರಳ. ಮೊಗಲರ ನಾಣ್ಯದ ಸೊಬಗು ಲಿಪಿಯದೇ. ಆದರೂ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದರಿಂದ ಚಲಾವಣೆಯ ರೂಪಾಯಿಯಲ್ಲಿ ಬರಹದ ಒಂದು ಪಾಲು ಮಾತ್ರ ಕಾಣುತ್ತದೆ. ಕೆತ್ತಿದವನು ಕೊರೆದದ್ದನ್ನು ಪೂರ್ತಿ ನೋಡಲು ಅಗಲ ಬಿಲ್ಲೆಯ ನಜರಾನಾ (ಕಾಣಿಕೆ) ನಾಣ್ಯವೇ ಸಿಗಬೇಕು. ಜಹಾಂಗೀರ್ 1618ರಲ್ಲಿ ತಿಂಗಳ ಹೆಸರಿನ ಬದಲು ಆಯಾ ರಾಶಿಯ ಚಿತ್ರವನ್ನೇ ನಾಣ್ಯದ ಮೇಲೆ ತರಿಸಿದಾಗ, ಅಕ್ಷರಕ್ಕೆ ಪಳಗಿದ ಟಂಕಸಾಲೆಗಳು ಗೂಳಿ, ಸಿಂಹ, ಏಡಿಗಳಿಗೂ ಒಗ್ಗಿಕೊಂಡವು.

ದಕ್ಷಿಣದ ಸವಾಲು ಅಳತೆಯದು. ವಿಜಯನಗರದ ವರಾಹ ಮೂರೂವರೆ ಗ್ರಾಂಗೂ ಕಡಿಮೆ ತೂಕದ ಗುಂಡಗಿನ ಚಿನ್ನದ ತುಂಡು. ಅಗಲ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಷ್ಟರಲ್ಲೇ ಉಮಾಮಹೇಶ್ವರರು ಜೋಡಿಯಾಗಿ ಕೂರಬೇಕು, ಕೃಷ್ಣದೇವರಾಯನ ಬಾಲಕೃಷ್ಣ ಕೈಯಲ್ಲಿ ಬೆಣ್ಣೆ ಹಿಡಿಯಬೇಕು, ಅಚ್ಯುತರಾಯನ ಗಂಡಭೇರುಂಡ ಎರಡೂ ಕೊಕ್ಕಿನಲ್ಲಿ ಆನೆಗಳನ್ನು ಕಚ್ಚಿರಬೇಕು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ ಕಂಠೀರವ ಹಣ ಇನ್ನೂ ಚಿಕ್ಕದು, ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಅದರ ಮೇಲೆ ನರಸಿಂಹ. ಇಂಥ ಕಡೆ ಕೆತ್ತುವವನು ವಿವರ ಸೇರಿಸಲಾರ, ಕಳೆಯಬೇಕು. ನಾಲ್ಕಾರು ಚುಕ್ಕೆ, ಮೂರು ಗೆರೆ, ಒಂದು ಬಾಗಿನಲ್ಲಿ ದೇವರು ದೇವರೆಂದು ಗೊತ್ತಾಗಬೇಕು. ಈ ಪುಟ್ಟ ನಾಣ್ಯಗಳನ್ನು ಒರಟು ಕೆಲಸವೆಂದು ಬದಿಗಿಡುವವರು ಅವನ್ನು ಭೂತಗನ್ನಡಿಯ ಕೆಳಗೆ ನಿಧಾನವಾಗಿ ನೋಡಿರಲಾರರು.

ಎರಡನೆಯ ಅಚ್ಚಿನ ಸಮಸ್ಯೆಗೆ ಮೊದಲ ಉತ್ತರ ಚಿಕ್ಕ ಮುದ್ರೆಗಳು, ಪಂಚ್‌ಗಳು. ಮಧ್ಯಯುಗದ ಯುರೋಪಿನಲ್ಲಿ ಅಕ್ಷರವನ್ನು ಅಚ್ಚಿನ ಮೇಲೆ ಕೊರೆಯುವ ಬದಲು ನೆಟ್ಟಗಿನ ಗೂಟ, ಅರ್ಧಚಂದ್ರ, ಚುಕ್ಕೆ, ಇಂಥ ಕೆಲವೇ ಪಂಚ್‌ಗಳನ್ನು ಬಡಿದು ಬಡಿದು ಜೋಡಿಸುತ್ತಿದ್ದರು. ಇಟಲಿಯ ಬೆನ್ವೆನೂಟೊ ಚೆಲ್ಲಿನಿ ಈ ಕ್ರಮವನ್ನು ಕಲೆಯ ಮಟ್ಟಕ್ಕೆ ಒಯ್ದ. ಪೋಪ್ 7ನೆಯ ಕ್ಲೆಮೆಂಟನಿಗೆ ನಾಣ್ಯಗಳನ್ನು ಕೆತ್ತಿದ ಈ ಅಕ್ಕಸಾಲಿಗ, ತನ್ನ ಕಸುಬಿನ ಬಗ್ಗೆ 1568ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಚ್ಚು ಮಾಡುವ ಬಗೆಯನ್ನು ಬಿಡಿಸಿ ಹೇಳುತ್ತಾನೆ. ತಲೆ, ಕೈ, ಅಕ್ಷರ ಹೀಗೆ ಭಾಗಭಾಗವಾಗಿ ಉಬ್ಬು ಪಂಚ್‌ಗಳನ್ನು ಉಕ್ಕಿನಲ್ಲಿ ಕೆತ್ತಿ ಗಡಸು ಮಾಡಿಟ್ಟುಕೊಂಡರೆ, ಅಚ್ಚು ಒಡೆದಾಗ ಅವನ್ನೇ ಹೊಸ ಉಕ್ಕಿಗೆ ಹೊಡೆದರಾಯಿತು. ಕೆತ್ತನೆಗಾರನ ಕೈ ಹೀಗೆ ಅಚ್ಚಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಆಮೇಲಿನ ಎಲ್ಲ ಬದಲಾವಣೆಗಳಲ್ಲೂ ಆಗಿದ್ದು ಇದೇ.

ಸುತ್ತಿಗೆಯ ಜಾಗಕ್ಕೆ ಸ್ಕ್ರೂ ಪ್ರೆಸ್ಸೂ ರೋಲರುಗಳೂ ಬಂದಾಗ ಕೆತ್ತುವವರ ಪೈಪೋಟಿ ಹೆಚ್ಚಿತು. ಇಂಗ್ಲೆಂಡಿನ ಥಾಮಸ್ ಸೈಮನ್ ಕ್ರಾಮ್‌ವೆಲ್‌ನ ಕಾಲದಲ್ಲಿ ಹೆಸರು ಮಾಡಿದವನು. ರಾಜ 2ನೆಯ ಚಾರ್ಲ್ಸ್ ಗದ್ದುಗೆಗೆ ಮರಳಿದ ಮೇಲೆ ಆಂಟ್‌ವರ್ಪ್‌ನ ರೋಟಿಯೆ ಮನೆತನದವರಿಗೆ ಒಲವು ತೋರಿದ. ಸೈಮನ್ 1663ರಲ್ಲಿ ರಾಜನ ಮುಖವುಳ್ಳ ಒಂದು ಮಾದರಿ ಬೆಳ್ಳಿ ಕ್ರೌನ್ ತಯಾರಿಸಿದ. ಅದರ ಅಂಚಿನಲ್ಲಿ, ನಾಣ್ಯದ ದಪ್ಪವಷ್ಟೇ ಇರುವ ಜಾಗದಲ್ಲಿ, ಎರಡು ಸಾಲುಗಳ ಬಿನ್ನಹ. ತನ್ನ ಕೆಲಸವನ್ನು ಡಚ್ಚರ, ಅಂದರೆ ರೋಟಿಯೆಗಳ, ಕೆಲಸದೊಡನೆ ಹೋಲಿಸಿ ನೋಡಬೇಕು, ತನ್ನದೇ ಮೇಲೆಂದು ಕಂಡರೆ ತನ್ನ ಕಷ್ಟ ಪರಿಹರಿಸಬೇಕು ಎಂದು ರಾಜನಿಗೆ ಅರಿಕೆ. ಕೆತ್ತನೆಯ ಚರಿತ್ರೆಯಲ್ಲಿ ಅದು ಇಂದಿಗೂ ಬೆರಗಿನ ಕೆಲಸ. ಆದರೆ ಬಿನ್ನಹ ಫಲಿಸಲಿಲ್ಲ. ಎರಡು ವರ್ಷಗಳಲ್ಲಿ ಸೈಮನ್ ತೀರಿಕೊಂಡ.

ಉಗಿಯಂತ್ರ ಬಂದದ್ದು 18ನೆಯ ಶತಮಾನದ ಕೊನೆಗೆ. ಜೇಮ್ಸ್ ವಾಟ್‌ನ ಪಾಲುದಾರ ಮ್ಯಾಥ್ಯೂ ಬೌಲ್ಟನ್ 1788ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊದಲ್ಲಿ ಟಂಕಸಾಲೆ ಕಟ್ಟಿದ. ಒತ್ತುವ ವೇಗ ಏರಿದಂತೆ ಅಚ್ಚುಗಳು ಬೇಗ ಬೇಗ ಸವೆದವು, ಪ್ರತಿಯೊಂದನ್ನೂ ಕೈಯಿಂದ ಕೆತ್ತುತ್ತ ಕೂತರೆ ಯಂತ್ರ ಸುಮ್ಮನೆ ನಿಲ್ಲಬೇಕಾಗುತ್ತಿತ್ತು. ಇಲ್ಲಿ ಆಧಾರವಾದದ್ದು ಅಚ್ಚಿನ ವಂಶಾವಳಿ. ಕೆತ್ತನೆಗಾರ ಒಂದೇ ಒಂದು ಮೂಲ ಅಚ್ಚನ್ನು ಕೆತ್ತುತ್ತಾನೆ. ಅದನ್ನು ಗಡಸು ಮಾಡಿ ಮೆದು ಉಕ್ಕಿಗೆ ಒತ್ತಿದರೆ ಚಿತ್ರ ಉಬ್ಬಾಗಿ ಮೂಡುತ್ತದೆ. ಆ ಉಬ್ಬು ಅಚ್ಚನ್ನು ಗಡಸು ಮಾಡಿ ಮತ್ತೆ ಮೆದು ಉಕ್ಕಿಗೆ ಒತ್ತಿದರೆ ನಾಣ್ಯ ಹೊಡೆಯುವ ತಗ್ಗು ಅಚ್ಚು, ಬೇಕಾದಷ್ಟು. ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುವುದಿಲ್ಲ. ಒತ್ತಿದ ಉಕ್ಕು ಬಿಗಿದುಕೊಳ್ಳುತ್ತದೆ, ಅದನ್ನು ಮತ್ತೆ ಕಾಯಿಸಿ ಮೆದುಮಾಡಿ ಅದೇ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿ ಇನ್ನೊಮ್ಮೆ ಒತ್ತಬೇಕು. ಸ್ವಲ್ಪ ಜಾರಿದರೂ ಇಸವಿ, ಅಕ್ಷರಗಳು ಜೋಡಿಯಾಗಿ ಮೂಡುತ್ತವೆ.

ಸೋಹೊದ ಮುಖ್ಯ ಕೆತ್ತನೆಗಾರ ಕಾನ್ರಾಡ್ ಹೈನ್ರಿಕ್ ಕುಶ್ಲರ್. ಬ್ರಿಟನ್ನಿನ 1797ರ ತಾಮ್ರದ ಪೆನ್ನಿ, ಎರಡು ಪೆನ್ನಿಗಳು ಅವನವು. ಪೆನ್ನಿ ಒಂದು ಔನ್ಸ್ ತೂಗಿದರೆ ಎರಡು ಪೆನ್ನಿಯ ನಾಣ್ಯ ಎರಡು ಔನ್ಸ್. ಅಗಲವಾದ ಉಬ್ಬು ಅಂಚಿನಲ್ಲಿ ಅಕ್ಷರಗಳನ್ನು ತಗ್ಗಾಗಿ ಕೂರಿಸಿದ್ದರಿಂದ ಅವು ಸವೆತದಿಂದ ತಪ್ಪಿಸಿಕೊಂಡವು. ಕನ್ನಡಿಗರಿಗೆ ಈತ ಇನ್ನೊಂದು ಕಾರಣಕ್ಕೆ ಮುಖ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಯುದ್ಧದಲ್ಲಿದ್ದ ಸೈನಿಕರಿಗೆ ಕೊಟ್ಟ ಪದಕದ ಅಚ್ಚು ಕುಶ್ಲರ್‌ನದು. 48 ಮಿಲಿಮೀಟರ್ ಅಗಲದ ಆ ಪದಕದ ಒಂದು ಮುಖದಲ್ಲಿ ಸಿಂಹ ಹುಲಿಯನ್ನು ಕೆಡವಿ ಮೇಲೇರಿದೆ, ಮೇಲೆ ಹಾರುವ ಬಾವುಟದಲ್ಲಿ ಅರಬ್ಬಿ ಲಿಪಿಯ ಬರಹ. ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ. ಹುಲಿ ಟಿಪ್ಪುವಿನ ಲಾಂಛನವೆಂದು ಕುಶ್ಲರ್‌ಗೆ ಕೆಲಸ ಒಪ್ಪಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಕೆಡವಲಾದ ಹುಲಿಯ ಮೈಯ ಪಟ್ಟೆಗಳನ್ನೂ ಬಿಗಿದ ಸ್ನಾಯುಗಳನ್ನೂ ಕೊರೆದ ಕೈಯ ಪಳಗುವಿಕೆಯನ್ನು ಮೆಚ್ಚುತ್ತಲೇ, ಆ ಚಿತ್ರ ಯಾರ ಸೋಲನ್ನು ಹೇಳುತ್ತಿದೆ ಎಂಬುದನ್ನು ಇಲ್ಲಿನ ನೋಡುಗರು ಮರೆಯಲಾರರು.

ಇದೇ ಸೋಹೊದಿಂದ ಮದರಾಸು ಪ್ರಾಂತ್ಯಕ್ಕೆ 1803 ಮತ್ತು 1808ರ ಇಸವಿಯ ಹತ್ತು ಕಾಸು, ಇಪ್ಪತ್ತು ಕಾಸುಗಳು ಹಡಗೇರಿ ಬಂದವು. ‘ಅಡ್ಮಿರಲ್ ಗಾರ್ಡ್‌ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಎತ್ತಿ ತಂದ ಆ ಕಾಸುಗಳು ಒಂದಕ್ಕೊಂದು ಅವಳಿಗಳಂತಿವೆ. ಅದೇ ಹೊತ್ತಿನಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೈಯಚ್ಚಿನ ತಾಮ್ರದ ಕಾಸುಗಳು ಬರುತ್ತಿದ್ದವು. ಆನೆ, ಅದರ ಮೇಲೆ ಸೂರ್ಯಚಂದ್ರ, ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ, ಜೊತೆಗೆ ಇಂಗ್ಲಿಷ್ ಅಕ್ಷರಗಳು. ಬೆಲೆಯ ಹೆಸರು ಎರಡೂ ಕಡೆ ಒಂದೇ, ಅಚ್ಚಿನ ಲೋಕಗಳು ಮಾತ್ರ ಎರಡು.

ಅಚ್ಚುಗಳು ಒಂದೇ ರೀತಿ ಆದ ಮೇಲೆ ಸಣ್ಣ ಗುರುತುಗಳಿಗೆ ಬೆಲೆ ಬಂತು. ಭಾರತದಲ್ಲಿ ಹಳೆಯ ವರ್ಷದ ರೂಪಾಯಿಗೆ ಚಿನಿವಾರರು ವಟ್ಟ ಹಿಡಿಯುತ್ತಿದ್ದರು. ಅದನ್ನು ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಬಂಗಾಳದಲ್ಲಿ ಮೊಗಲ ಬಾದಷಾ ಷಾ ಆಲಮನ 19ನೆಯ ಆಳ್ವಿಕೆಯ ವರ್ಷವನ್ನೇ ಅಚ್ಚಿನಲ್ಲಿ ಕಾಯಂ ಮಾಡಿಬಿಟ್ಟಿತ್ತು. 1835ರಲ್ಲಿ ಕಂಪನಿಯ ಪ್ರಾಂತ್ಯಗಳಿಗೆಲ್ಲ 180 ಗ್ರೇನ್ ತೂಕದ ಒಂದೇ ರೂಪಾಯಿ ಬಂತು. ಆಮೇಲೆ ಅದರ ಮೇಲೆ ಬಂದ ವಿಕ್ಟೋರಿಯಾ ರಾಣಿಯ ಮುಖ ವಿಲಿಯಂ ವೈಯನ್‌ನ ಕೆತ್ತನೆ. 1840ರ ರೂಪಾಯಿಗಳಲ್ಲಿ ರಾಣಿಯ ಕತ್ತಿನ ಅಂಚಿನಲ್ಲಿ ಅವನ ಹೆಸರಿನ ಮೊದಲಕ್ಷರಗಳನ್ನು ಕಾಣಬಹುದು. ಮುಂದೆ 1862ರ ಇಸವಿಯೂ 1874ರವರೆಗೆ ಬದಲಾಗದೆ ಉಳಿಯಿತು. ಮುಂಬಯಿ ಟಂಕಸಾಲೆ ನಿಜವಾದ ವರ್ಷವನ್ನು ಇಸವಿಯ ಬಳಿ ಚುಕ್ಕೆಗಳನ್ನಿಟ್ಟು ಗುರುತು ಮಾಡಿಕೊಂಡಿತು. ಸಂಗ್ರಾಹಕರು ಇಂದಿಗೂ ಆ ಚುಕ್ಕೆಗಳನ್ನು ಎಣಿಸುತ್ತಾರೆ.

ಲಂಡನ್ನಿನಲ್ಲಿ ಇಟಲಿಯ ಬೆನೆಡೆಟ್ಟೊ ಪಿಸ್ಟ್ರೂಚಿ ಕೈಕೆತ್ತನೆಯ ಕೊನೆಯ ದೊಡ್ಡ ಹಟವಾದಿ. 1817ರ ಸವರಿನ್ ನಾಣ್ಯಕ್ಕೆ ಅವನು ಕೊಟ್ಟ ಸಂತ ಜಾರ್ಜ್ ಮತ್ತು ಡ್ರ್ಯಾಗನ್ ಚಿತ್ರ ಇವತ್ತಿಗೂ ಬಳಕೆಯಲ್ಲಿದೆ. ವಾಟರ್ಲೂ ವಿಜಯದ ಪದಕದ ಅಚ್ಚಿಗೆ ಅವನು ಸುಮಾರು 30 ವರ್ಷ ತೆಗೆದುಕೊಂಡು 1849ರಲ್ಲಿ ಒಪ್ಪಿಸಿದ. ಅಷ್ಟು ದೊಡ್ಡ ಅಚ್ಚನ್ನು ಗಡಸು ಮಾಡಲು ನೀರಿಗದ್ದಿದರೆ ಒಡೆದುಹೋದೀತೆಂಬ ಭಯದಿಂದ ಅದನ್ನು ಗಡಸು ಮಾಡಲೇ ಇಲ್ಲ. ಅದರಿಂದ ಪದಕ ಹೊಡೆಯಲೂ ಇಲ್ಲ.

ಪಿಸ್ಟ್ರೂಚಿ ಅಚ್ಚಿನ ಮೇಲೆ ಬಾಗಿ ಕೂತಿದ್ದ ಆ ವರ್ಷಗಳಲ್ಲೇ ಕೆತ್ತನೆಗಾರನ ಅಳತೆಯನ್ನೇ ಬದಲಿಸುವ ಯಂತ್ರ ಬೆಳೆಯುತ್ತಿತ್ತು. ದೊಡ್ಡ ಮಾದರಿಯನ್ನು ಚಿಕ್ಕದಾಗಿ ನಕಲಿಸುವ ಲೇತ್‌ಗಳು 18ನೆಯ ಶತಮಾನದಲ್ಲೇ ಇದ್ದವು, ರಷ್ಯಾದ ಪೀಟರ್ ದೊರೆಯ ಯಂತ್ರಜ್ಞ ನಾರ್ತೋವ್ ಅಂಥವನ್ನು ಕಟ್ಟಿದ್ದ. ಅದನ್ನು ಟಂಕಸಾಲೆಯ ನಂಬಿಕೆಯ ಸಾಧನವಾಗಿ ಮಾಡಿದ್ದು ಪ್ಯಾರಿಸಿನ ವಿಕ್ಟರ್ ಜಾನ್ವಿಯೆ. ಅವನ ಪೇಟೆಂಟ್ 1899ರದು. ಅಮೆರಿಕದ ಫಿಲಡೆಲ್ಫಿಯ ಟಂಕಸಾಲೆ 1906ರಲ್ಲಿ ಜಾನ್ವಿಯೆ ಯಂತ್ರ ತರಿಸಿತು.

ಈ ಯಂತ್ರ ಕೆಲಸ ಮಾಡುವುದನ್ನು ನೋಡುವುದೇ ಒಂದು ತಾಳ್ಮೆಯ ಪಾಠ. ಶಿಲ್ಪಿ ಊಟದ ತಟ್ಟೆಯಷ್ಟು ಅಗಲದ ಮಾದರಿಯನ್ನು ಪ್ಲಾಸ್ಟರಿನಲ್ಲಿ ಮಾಡುತ್ತಾನೆ, ಅದರಿಂದ ಗಟ್ಟಿ ಲೋಹದ ಪ್ರತಿ ತೆಗೆಯುತ್ತಾರೆ. ಯಂತ್ರದ ಒಂದು ತುದಿಯಲ್ಲಿ ಆ ಮಾದರಿ ನಿಧಾನವಾಗಿ ತಿರುಗುತ್ತದೆ, ಇನ್ನೊಂದು ಕಡೆ ಅದೇ ಗತಿಯಲ್ಲಿ ಉಕ್ಕಿನ ತುಂಡು. ಎರಡರ ಎದುರಿಗೂ ಹಾದುಹೋಗುವ ಉದ್ದನೆಯ ತೋಳಿನ ಒಂದು ಕೊನೆ ಕೀಲಿನಲ್ಲಿ ನೆಟ್ಟಿದೆ. ಕೀಲಿನಿಂದ ದೂರದಲ್ಲಿ ಮಾದರಿಯನ್ನು ಸವರುವ ಮೊಂಡುಮೊನೆ, ಕೀಲಿಗೆ ಹತ್ತಿರ ಉಕ್ಕನ್ನು ಕೊರೆಯುವ ಕತ್ತರಿಮೊನೆ. ಮೊಂಡುಮೊನೆ ಒಂದು ಉಬ್ಬನ್ನೇರಿದರೆ ಕತ್ತರಿಮೊನೆಯೂ ಅದೇ ಪ್ರಮಾಣದಲ್ಲಿ, ಆದರೆ ಹಲವು ಪಟ್ಟು ಕಡಿಮೆ, ಹಿಂದೆ ಸರಿಯುತ್ತದೆ. ಎಷ್ಟು ಪಟ್ಟು ಎಂಬುದನ್ನು ಕೀಲಿನಿಂದ ಅವೆರಡರ ದೂರ ತೀರ್ಮಾನಿಸುತ್ತದೆ. ನಡುವಿನಿಂದ ಹೊರಟು ಗ್ರಾಮಫೋನ್ ತಟ್ಟೆಯ ಗೆರೆಯಂತೆ ಸುತ್ತುಸುತ್ತಾಗಿ ಅಂಚು ಮುಟ್ಟಲು ಗಂಟೆಗಟ್ಟಲೆ ಬೇಕು. ಮೊದಲು ಒರಟು ಸುತ್ತು, ಆಮೇಲೆ ನಯ ಸುತ್ತು. ಕೊನೆಗೆ ಸಿಗುವುದು ನಾಣ್ಯದ ಅಳತೆಯ ಉಬ್ಬು ಉಕ್ಕು. ಅದರಿಂದ ವಂಶಾವಳಿ ಮತ್ತೆ ಶುರು.

ಯಂತ್ರ ಗೆರೆಯನ್ನು ಚಿಕ್ಕದು ಮಾಡಬಲ್ಲದು, ಚಿಕ್ಕದರಲ್ಲಿ ಏನು ಉಳಿಯಬೇಕೆಂದು ಹೇಳಲಾರದು. ಈ ಅಂತರ ಬೇಗನೇ ಕಾಣಿಸಿತು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಒತ್ತಾಸೆಯಿಂದ ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸ್ ರೂಪಿಸಿದ 1907ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ ಎಷ್ಟು ಉಬ್ಬಾಗಿತ್ತೆಂದರೆ ಚಿತ್ರ ಪೂರ್ತಿ ಮೂಡಲು ಒಂದೇ ಬಿಲ್ಲೆಯನ್ನು ಹಲವು ಸಲ ಒತ್ತಬೇಕಾಯಿತು. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಉಬ್ಬನ್ನು ತಗ್ಗಿಸಿದ ಮೇಲೆಯೇ ಅದು ಚಲಾವಣೆಗೆ ಒದಗಿತು. ಶಿಲ್ಪಿಯ ಅಭಿಮಾನಿಗಳು ಬಾರ್ಬರನನ್ನು ದೂರುವುದು ವಾಡಿಕೆ. ಆದರೆ ಒಂದೇ ಒತ್ತಿಗೆ ಲಕ್ಷಗಟ್ಟಲೆ ನಾಣ್ಯ ಬೀಳಬೇಕಾದ ಕಡೆ ಲೋಹ ಅಚ್ಚಿನ ಆಳಕ್ಕೆ ಎಷ್ಟು ಹರಿಯುತ್ತದೆಂಬ ಅವನ ಲೆಕ್ಕ ತಪ್ಪಿರಲಿಲ್ಲ.

ಭಾರತದ ಪಾಠ 1911ರಲ್ಲಿ. 5ನೆಯ ಜಾರ್ಜ್‌ನ ಹೊಸ ರೂಪಾಯಿಯ ಮುಖಚಿತ್ರ ಶಿಲ್ಪಿ ಬರ್ಟ್ರಾಮ್ ಮೆಕೆನಾಲ್‌ನದು. ರಾಜನ ನಿಲುವಂಗಿಯ ಮೇಲಿನ ಪದಕಸರದಲ್ಲಿ ಒಂದು ಆನೆ, ನಾಣ್ಯದ ಮೇಲೆ ಕೆಲವೇ ಮಿಲಿಮೀಟರ್. ಸೊಂಡಿಲು ಗಿಡ್ಡ, ಕಾಲು ಮೋಟು. ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಮುಸಲ್ಮಾನರಿಗೆ ಅಂಥ ನಾಣ್ಯ ಮುಟ್ಟುವುದೇ ಅಸಹ್ಯವಾಯಿತು, ಗದ್ದಲವೆದ್ದಿತು, ಸರ್ಕಾರ ಆ ರೂಪಾಯಿ ಕೊಡುವುದನ್ನು ನಿಲ್ಲಿಸಿತು. 1912ರ ಅಚ್ಚಿನಲ್ಲಿ ಸೊಂಡಿಲನ್ನೂ ಪಾದಗಳನ್ನೂ ತಿದ್ದಿದರು. ದೊಡ್ಡ ಮಾದರಿಯಲ್ಲಿ ಸಲೀಸಾಗಿ ಆನೆಯೆನಿಸುವುದು ನಾಣ್ಯದ ಅಳತೆಗೆ ಇಳಿದಾಗ ಇನ್ನೊಂದು ಪ್ರಾಣಿಯಾಗಬಹುದು. ಶ್ರೀರಂಗಪಟ್ಟಣದ ಕಾಸಿನ ಆನೆಗಳು ಎಷ್ಟೇ ಒರಟಾಗಿರಲಿ, ಅವನ್ನು ಯಾರೂ ಹಂದಿಯೆಂದು ಭ್ರಮಿಸುವುದು ಸಾಧ್ಯವಿರಲಿಲ್ಲ. ಅವನ್ನು ಕೊರೆದವರು ಅದೇ ಅಳತೆಯಲ್ಲಿ ಕೊರೆದವರು, ಆನೆಯನ್ನು ಕಂಡವರು.

ಇಂದು ಲೇತ್‌ನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಶಿಲ್ಪಿಯ ಪ್ಲಾಸ್ಟರ್ ಮಾದರಿಯನ್ನು ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ಚಿತ್ರವನ್ನು ಪರದೆಯ ಮೇಲೆಯೇ ಮೂರು ಆಯಾಮದಲ್ಲಿ ರೂಪಿಸುತ್ತಾರೆ. ಉಬ್ಬು ಹೆಚ್ಚಾಯಿತೆನಿಸಿದರೆ ಇಡೀ ಮುಖವನ್ನು ಅಂಕಿ ಬದಲಿಸಿ ತಗ್ಗಿಸಬಹುದು, ಬಾರ್ಬರ್ ತಿಂಗಳುಗಟ್ಟಲೆ ಹೆಣಗಿದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಸೂಜಿಮೊನೆಯ ಕಟರ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತ ಉಕ್ಕನ್ನು ಪದರಪದರವಾಗಿ ಕೊರೆಯುತ್ತದೆ. ಗಡಸು ಮಾಡಿದ ಉಕ್ಕನ್ನೇ ನೇರ ಕೊರೆಯಬಲ್ಲ ಯಂತ್ರಗಳಿಂದಾಗಿ ನೀರಿಗದ್ದುವ ಹಳೆಯ ಅಂಜಿಕೆಯೂ ಕೆಲವೆಡೆ ತಪ್ಪಿದೆ. ಲೇಸರ್ ಕಿರಣ ಅಚ್ಚಿನ ಮೇಲ್ಮೈಯನ್ನು ಬೇಕಾದಲ್ಲಿ ತರಿಮಾಡುತ್ತದೆ. ಸಂಗ್ರಾಹಕರ ಪ್ರೂಫ್ ನಾಣ್ಯಗಳಲ್ಲಿ ಕನ್ನಡಿಯಂಥ ಬಯಲಿನ ಮೇಲೆ ಮಂಜು ಕವಿದಂಥ ಚಿತ್ರ ನಿಲ್ಲುವುದು ಹೀಗೆ. ಬ್ರಿಟನ್ನಿನ 2017ರ ಹನ್ನೆರಡು ಮೂಲೆಯ ಪೌಂಡ್‌ನಲ್ಲಿ ಓರೆ ಮಾಡಿ ನೋಡಿದರೆ ಪೌಂಡಿನ ಚಿಹ್ನೆ 1 ಅಂಕಿಯಾಗಿ ಬದಲಾಗುತ್ತದೆ, ಅಂಚಿನೊಳಗೆ ಭೂತಗನ್ನಡಿಗೆ ಮಾತ್ರ ಕಾಣುವ ಬರಹವಿದೆ. ಹೀಗಿದ್ದರೂ ಮೂಲ ಅಚ್ಚು ಸೂಕ್ಷ್ಮದರ್ಶಕದ ಕೆಳಗೆ ಬಂದಾಗ ಕಟರ್ ಬಿಟ್ಟ ಗೀರುಗಳನ್ನು ನಯಮಾಡುವುದು, ಮಸುಕಾದ ಅಕ್ಷರದ ಮೂಲೆಯನ್ನು ಚೂಪುಗೊಳಿಸುವುದು ಇಂದಿಗೂ ಕೈಯುಳಿ ಹಿಡಿದ ಮನುಷ್ಯನ ಕೆಲಸ.

ಭಾರತದ ನಾಲ್ಕು ಟಂಕಸಾಲೆಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೊಯ್ಡಾದಲ್ಲಿವೆ. 2006ರಲ್ಲಿ ಸ್ಥಾಪನೆಯಾದ ಭಾರತ ಸರ್ಕಾರದ ಭದ್ರತಾ ಮುದ್ರಣ ಮತ್ತು ನಾಣ್ಯ ನಿಗಮ ಅವನ್ನು ನಡೆಸುತ್ತದೆ. ಇಸವಿಯ ಕೆಳಗಿನ ಗುರುತು ಯಾವ ಟಂಕಸಾಲೆಯದೆಂದು ಹೇಳುತ್ತದೆ: ಮುಂಬಯಿಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಯಾವ ಗುರುತೂ ಇಲ್ಲ. ತಾಮ್ರ ನಿಕ್ಕಲ್ಲುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ ಕೆತ್ತನೆ ಇನ್ನೂ ತೆಳುವಾಗಬೇಕಾಯಿತು, ಗಡಸು ಬಿಲ್ಲೆ ಆಳದ ಅಚ್ಚಿಗೆ ಸುಲಭವಾಗಿ ಹರಿಯುವುದಿಲ್ಲ. 2007ರ ಸರಣಿಯಲ್ಲಿ ಒಂದು ರೂಪಾಯಿಗೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳಿನ ಹಸ್ತಮುದ್ರೆಗಳು ಹೆಚ್ಚುಕಡಿಮೆ ಬರೀ ಗೆರೆಗಳಲ್ಲಿ ಮೂಡಿದವು. ಓದಲು ಬಾರದವರೂ ಬೆಲೆ ಗುರುತಿಸುವಂಥ ವಿನ್ಯಾಸವದು. ಕಣ್ಣು ಕಾಣದವರು ಕೈಯಲ್ಲಿ ಮುಟ್ಟಿಯೇ ತಿಳಿಯಲೆಂದು 2019ರಲ್ಲಿ ಪ್ರಕಟಿಸಿದ ಸರಣಿಯ ಇಪ್ಪತ್ತು ರೂಪಾಯಿ ಹನ್ನೆರಡು ಮೂಲೆಯದು, 27 ಮಿಲಿಮೀಟರ್ ಅಗಲ. ಇವುಗಳ ಮೇಲೆ ಕಿಮೋನನ ಸಹಿಯಂಥದು, ವೈಯನ್‌ನ ಮೊದಲಕ್ಷರಗಳಂಥದು ಇಲ್ಲ. ವಿಷ್ಣುವರ್ಧನನ ಕಮ್ಮಟದಂತೆ ಇಲ್ಲಿಯೂ ಕೆತ್ತಿದವರ ಹೆಸರು ಹೊರಗೆ ಬರುವುದಿಲ್ಲ.

ಅಚ್ಚುಗಳು ಸ್ವತಃ ಉಳಿಯುವುದು ಅಪರೂಪ. ಯಾರ ಕೈಗಾದರೂ ಸಿಕ್ಕರೆ ಖೋಟಾ ನಾಣ್ಯವಾದೀತೆಂದು ಸವೆದ ಅಚ್ಚುಗಳ ಮುಖವನ್ನು ಟಂಕಸಾಲೆಗಳು ಕೆಡಿಸುತ್ತವೆ, ಹಿಂದಿನ ಕಾಲದಲ್ಲಿ ಅವನ್ನು ಕರಗಿಸಿಯೋ ಬಡಿದೋ ಹಾಳುಮಾಡುತ್ತಿದ್ದರು. ಅದಕ್ಕಾಗಿ ಅಚ್ಚಿನ ಕಥೆಯನ್ನು ನಾಣ್ಯದ ಮೇಲೆಯೇ ಓದಬೇಕು. ಅಚ್ಚು ಬಿರುಕು ಬಿಟ್ಟಾಗ ಆ ಸೀಳಿನೊಳಕ್ಕೂ ಲೋಹ ಹರಿದು ನಾಣ್ಯದ ಮೇಲೆ ಒಂದು ಉಬ್ಬು ಗೆರೆ ಮೂಡುತ್ತದೆ. ಮುಂದಿನ ನಾಣ್ಯಗಳಲ್ಲಿ ಆ ಗೆರೆ ಉದ್ದವಾಗುತ್ತ, ದಪ್ಪವಾಗುತ್ತ ಹೋಗುತ್ತದೆ. ಹಳೆಯ ತಾಮ್ರದ ಕಾಸೊಂದರಲ್ಲಿ ಆನೆಯ ಬೆನ್ನಿನಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಗೆರೆ ಹಾದುಹೋಗಿರುವುದು ಕಂಡರೆ, ಆ ಅಚ್ಚಿಗೆ ಇನ್ನು ಹೆಚ್ಚು ಪೆಟ್ಟು ತಾಳುವ ಶಕ್ತಿ ಇರಲಿಲ್ಲ, ಪಕ್ಕದಲ್ಲಿ ಕೂತ ಕೆತ್ತನೆಗಾರ ಆಗಲೇ ಇನ್ನೊಂದು ಆನೆಯನ್ನು ಕೊರೆಯಲು ಕೈಹಚ್ಚಿದ್ದ ಎಂದು ತಿಳಿಯಬೇಕು.